ಯಾವ ಬೈಕ್ ಅಂತ ಆಮೇಲೆ ನೋಡೋಣ, ಮೊದಲು ನಿಮ್ಮ ಮನೆಯ ಏರು ನೋಡಿ

ಪ್ರಶ್ನೆ: ನಾನು 27 ವರ್ಷದವಳು. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯಿಂದ ಸ್ವಲ್ಪ ಒಳಗೆ, ಕೆಲಸ ಉಪ್ಪಳದಲ್ಲಿ. ಸಂಜೆ ಒಂದು ಬಸ್ ತಪ್ಪಿದರೆ ಕಾದು ಕಾದು ಸಾಕಾಗುತ್ತದೆ, ಅದಕ್ಕೇ ಗಾಡಿ ಕಲಿಯೋಣ ಅಂತಿದ್ದೇನೆ. ಸೈಕಲ್ ಬರುತ್ತದೆ, ಬೇರೇನೂ ಬರುವುದಿಲ್ಲ. ರಸ್ತೆಯಿಂದ ಮನೆಗೆ ಗುಡ್ಡೆ ಇಳಿದು ತೋಟದ ಬದಿಯಲ್ಲಿ ಹೋಗುವ ದಾರಿ, ಅರ್ಧ ಕಾಂಕ್ರೀಟ್, ಅರ್ಧ ಮಣ್ಣು. ಅಪ್ಪ ಸ್ಕೂಟರ್ ಸಾಕು ಅನ್ನುತ್ತಾರೆ. ಅಣ್ಣ, ತಗೊಂಡರೆ ಬುಲೆಟ್ಟೇ ತಗೋ ಅನ್ನುತ್ತಾನೆ. ನನಗೆ ಗೇರಿನ ಬೈಕ್ ಓಡಿಸಬೇಕು ಅಂತ ಆಸೆ. ಎತ್ತರ ಐದಡಿ ಎರಡಿಂಚು. ಎಲ್ಲಿಂದ ಶುರು ಮಾಡಲಿ, ಯಾವುದು ತಗೊಳ್ಳಲಿ?

ಉತ್ತರ: "ಅರ್ಧ ಕಾಂಕ್ರೀಟ್, ಅರ್ಧ ಮಣ್ಣು" ಅಂತ ಒಂದು ಮಾತು ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಬುಲೆಟ್ಟಾ ಸ್ಕೂಟರಾ ಅನ್ನುವ ಚರ್ಚೆ ನಿಮ್ಮ ಮನೆಯ ಜಗಲಿಯಲ್ಲಿ ನಡೆಯುತ್ತಿದೆ, ಆದರೆ ತೀರ್ಮಾನ ಆಗುವುದು ಆ ಏರಿನಲ್ಲಿ. ದಿನಾ ಒಂದು ಸಲ ಹತ್ತಬೇಕು, ಒಂದು ಸಲ ಇಳಿಯಬೇಕು, ಅದೂ ಆಟಿ ತಿಂಗಳ ಮಳೆಯಲ್ಲಿ, ಕತ್ತಲಾದ ಮೇಲೆ, ಕೆಲವು ಸಲ ಹಿಂದೆ ಅಕ್ಕಿ ಚೀಲ ಕಟ್ಟಿಕೊಂಡು. ಉಪ್ಪಳದ ಪೇಟೆಯಲ್ಲಿ ಯಾವ ಗಾಡಿಯೂ ಓಡುತ್ತದೆ ಬಿಡಿ.

ನಾನು ಬದಿಯಡ್ಕದ ಹತ್ತಿರ ಇಪ್ಪತ್ತೆಂಟು ವರ್ಷದಿಂದ ಗ್ಯಾರೇಜ್ ಇಟ್ಟುಕೊಂಡವನು. ಭಾನುವಾರ ಬೆಳಗ್ಗೆ ಪರಿಚಯದವರಿಗೆ ಮೈದಾನದಲ್ಲಿ ಬೈಕ್ ಕಲಿಸುತ್ತೇನೆ. ಹೊಸದಾಗಿ ಕಲಿತವರ ಗಾಡಿಯಲ್ಲಿ ಏನು ಮುರಿದು ಬರುತ್ತದೆ ಗೊತ್ತಾ? ಕ್ಲಚ್ ಲಿವರ್, ಕನ್ನಡಿ, ಇಂಡಿಕೇಟರ್, ಫುಟ್‌ರೆಸ್ಟ್. ಇದೆಲ್ಲ ನಿಂತಲ್ಲೇ ಬಿದ್ದ ಗಾಡಿಯ ಲಕ್ಷಣ. ಅಂಗಳದಲ್ಲಿ ತಿರುಗಿಸುವಾಗ, ಗೇಟಿನ ಎದುರು ನಿಲ್ಲಿಸುವಾಗ, ಏರಿನ ನಡುವೆ ಎಂಜಿನ್ ಆಫ್ ಆದಾಗ ಬಿದ್ದದ್ದು. ಹೊಸಬರು ಹೆದರುವುದು ವೇಗಕ್ಕೆ, ಬೀಳುವುದು ನಿಧಾನದಲ್ಲಿ. 30ರಲ್ಲಿ ಹೋಗುವ ಬೈಕ್ ತಾನಾಗಿ ನೆಟ್ಟಗೆ ಇರುತ್ತದೆ, 3ರಲ್ಲಿ ಹೋಗುವ ಬೈಕನ್ನು ನೆಟ್ಟಗೆ ಇಡಬೇಕಾದವರು ನೀವು. ಹಾಗಾಗಿ ಮೊದಲು ಕಲಿಯಿರಿ, ಆಮೇಲೆ ಕೊಳ್ಳಿ. ಕೊಳ್ಳುವಾಗಲೂ ಆ ಏರಿನ ನಡುವೆ ನಿಮ್ಮ ಕಾಲಿಗೆ, ಕೈಗೆ ನಿಲ್ಲುವ ಗಾಡಿಯನ್ನೇ ಕೊಳ್ಳಿ.

ಅಂದ ಹಾಗೆ, ಗೇರಿನ ಬೈಕ್ ಬೇಕು ಅನ್ನುವ ನಿಮ್ಮ ಆಸೆ ಬರೀ ಶೋಕಿ ಅಂತ ಅಪ್ಪ ಹೇಳಿದ್ದರೆ ಅವರಿಗೆ ಇದನ್ನು ಓದಿ ಹೇಳಿ. ಗುಡ್ಡೆ ಇಳಿಯುವ ದಾರಿಗೆ ಗೇರಿನ ಬೈಕೇ ಒಳ್ಳೆಯದು. ಒಂದನೇ ಗೇರಿಗೆ ಹಾಕಿ ಎಕ್ಸಲೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಕೆಲಸ ಕಮ್ಮಿ. ಸ್ಕೂಟರಿನಲ್ಲಿ ಬೆಲ್ಟು, ತಾನಾಗಿ ಬಿಟ್ಟುಕೊಳ್ಳುವ ಕ್ಲಚ್ಚು. ವೇಗ ತೀರಾ ಕಮ್ಮಿಯಾದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ತಪ್ಪುತ್ತದೆ, ಆಗ ಇಡೀ ಭಾರ ಬ್ರೇಕಿನ ಮೇಲೆ. ಇನ್ನೊಂದು ವಿಷಯ ಚಕ್ರ. ಸ್ಕೂಟರಿಗೆ 10ರಿಂದ 12 ಇಂಚು, ಬೈಕಿಗೆ 17 ಅಥವಾ 18 ಇಂಚು. ಮಳೆಗೆ ಕೊಚ್ಚಿಹೋದ ಮುರಮಣ್ಣಿನ ದಾರಿಯಲ್ಲಿ ದೊಡ್ಡ ಚಕ್ರ ಹೊಂಡವನ್ನು ದಾಟಿ ಹೋಗುತ್ತದೆ, ಚಿಕ್ಕದು ಹೊಂಡಕ್ಕೆ ಇಳಿದು ಹತ್ತುತ್ತದೆ. ಸ್ಕೂಟರಿಗೆ ಅದರದ್ದೇ ಗುಣ ಇದೆ, ಕಾಲಿನ ಹತ್ತಿರ ಗ್ಯಾಸ್ ಸಿಲಿಂಡರ್ ಇಡಬಹುದು, ಸೀರೆಯಲ್ಲಿ ಕೂರಲು ಸುಲಭ. ಆದರೆ ಕಲಿಯುವ ಮನಸ್ಸಿದ್ದರೆ ಬೈಕೇ ಕಲಿಯಿರಿ. ಬೈಕ್ ಬಂದರೆ ಸ್ಕೂಟರ್ ಅರ್ಧ ದಿನದಲ್ಲಿ ಬರುತ್ತದೆ. ತಿರುಗಾ ಮುರುಗಾ ಹಾಗಲ್ಲ.

ಈಗ ಕಾಗದಪತ್ರ. ಇದು ಬೇಗ ಮುಗಿಯುವ ವಿಷಯ. ಲರ್ನರ್ಸ್ ಲೈಸೆನ್ಸ್ ತೆಗೆದುಕೊಳ್ಳುವಾಗ ಗೇರ್ ಇರುವ ಬೈಕಿಗೇ ಅರ್ಜಿ ಹಾಕಿ, ಅದರಲ್ಲಿ ಸ್ಕೂಟರೂ ಓಡಿಸಬಹುದು. ಲರ್ನರ್ಸ್ ಆರು ತಿಂಗಳಿಗೆ ಇರುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಗಾಡಿಗೆ ಹಿಂದೆ ಮುಂದೆ ಎಲ್ ಬೋರ್ಡ್ ಬೇಕು. ಹಿಂದೆ ಯಾರನ್ನಾದರೂ ಕೂರಿಸುವುದಾದರೆ ಲೈಸೆನ್ಸ್ ಇದ್ದು ನಿಮಗೆ ಕಲಿಸುವವರನ್ನು ಮಾತ್ರ, ಗೆಳತಿಯನ್ನು ಅಲ್ಲ. ಟೆಸ್ಟಿನಲ್ಲಿ ಎಂಟು ಹಾಕಬೇಕು, ಅಂದರೆ 8ರ ಆಕಾರದಲ್ಲಿ ಗಾಡಿ ಓಡಿಸಬೇಕು, ಕಾಲು ನೆಲಕ್ಕೆ ಊರಿದರೆ ಹೋಯಿತು. ರಸ್ತೆಯಲ್ಲೂ ಓಡಿಸಿ ತೋರಿಸಬೇಕು.

ಒಂದು ಮಾತು ಹೇಳಲೇಬೇಕು. ಕೇರಳದಲ್ಲಿ ತುಂಬಾ ವರ್ಷ ಈ ಎಂಟನ್ನು ಜನ ಬಜಾಜ್ ಎಂ80ಯಲ್ಲಿ ಹಾಕಿದರು. ಅದರ ಗೇರು ಕೈಯಲ್ಲಿ ತಿರುಗಿಸುವಂಥದ್ದು, ಹಗುರ, ಗಿಡ್ಡ. ಹಾಗಾಗಿ ಕಾಲಲ್ಲಿ ಒಂದು ಸಲವೂ ಗೇರು ಹಾಕದೆ "ಗೇರ್ ಇರುವ ಗಾಡಿ" ಲೈಸೆನ್ಸ್ ತೆಗೆದುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ನಿಮ್ಮ ಸಂಬಂಧಿಕರಲ್ಲೂ ಇರಬಹುದು, ಸುಮ್ನೆ ಕೇಳಿ ನೋಡಿ. 2024ರ ಆಗಸ್ಟ್‌ನಿಂದ ಅದು ನಿಂತಿತು, ಈಗ ಕಾಲಲ್ಲಿ ಗೇರು ಹಾಕುವ ಬೈಕೇ ಬೇಕು. ಡ್ರೈವಿಂಗ್ ಸ್ಕೂಲಿನವರಿಗೆ ಕಷ್ಟ ಆಯಿತು, ಕಲಿಯುವವರಿಗೆ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಟೆಸ್ಟಿನ ದಿನ ಅಧಿಕಾರಿ ಮಲಯಾಳದಲ್ಲಿ ಮಾತಾಡಿದರೆ ಗಾಬರಿ ಬೇಡ. ನಮ್ಮ ಬಲ ಅವರಿಗೆ ವಲತ್ತು, ನಮ್ಮ ಎಡ ಅವರಿಗೆ ಇಡತ್ತು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಇನ್ನು ಕಲಿಯುವುದು. ಅಣ್ಣ ಕಲಿಸಲಿ, ಡ್ರೈವಿಂಗ್ ಸ್ಕೂಲಿನವರು ಕಲಿಸಲಿ, ಒಂದು ಷರತ್ತು ಹಾಕಿ. ಮೊದಲ ದಿನ ಎಂಜಿನ್ ಸ್ಟಾರ್ಟ್ ಮಾಡುವುದು ಬೇಡ. ಗಾಡಿಯನ್ನು ನ್ಯೂಟ್ರಲಿನಲ್ಲಿ, ಅಂದರೆ ಯಾವ ಗೇರೂ ಇಲ್ಲದೆ ಇಟ್ಟು, ಎಡಗಡೆ ನಿಂತು, ಹ್ಯಾಂಡಲ್ ಹಿಡಿದು ಮೈದಾನದಲ್ಲಿ ತಳ್ಳಿಕೊಂಡು ನಡೆಯಿರಿ. ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು. ಬಲಕ್ಕೆ ತಿರುಗಿಸುವಾಗ ಅದು ನಿಮ್ಮಿಂದ ಆಚೆಗೆ ವಾಲುತ್ತದೆ, ಅಲ್ಲೇ ತೂಕ ಅಂದರೆ ಏನು ಅಂತ ಗೊತ್ತಾಗುತ್ತದೆ. ಎಷ್ಟು ವಾಲುವವರೆಗೆ ನಿಮ್ಮಿಂದ ಹಿಡಿಯಲು ಆಗುತ್ತದೆ, ಎಲ್ಲಿಂದ ಆಚೆ ಆಗುವುದಿಲ್ಲ, ಅದು ಕೈಗೆ ಗೊತ್ತಾಗಬೇಕು. ಸೈಡ್ ಸ್ಟ್ಯಾಂಡ್ ಹಾಕಿ, ತೆಗೆಯಿರಿ. ನಡು ಸ್ಟ್ಯಾಂಡ್ ಹಾಕಿ. ಅದಕ್ಕೆ ಶಕ್ತಿ ಬೇಕಿಲ್ಲ, ಸ್ಟ್ಯಾಂಡಿನ ಎರಡು ಕಾಲೂ ನೆಲಕ್ಕೆ ತಾಗಿದ ಮೇಲೆ ಮೈಯ ಭಾರವನ್ನೆಲ್ಲ ಬಲಗಾಲಿಗೆ ಬಿಟ್ಟರೆ ಗಾಡಿ ತಾನೇ ಏರುತ್ತದೆ. ಬಿದ್ದ ಗಾಡಿ ಎತ್ತುವುದನ್ನೂ ಆವತ್ತೇ ಕಲಿಯಿರಿ: ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ, ಆಮೇಲೆ ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕಿ ಏಳಬೇಕು. ಬಗ್ಗಿ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ.

ಎರಡನೇ ದಿನ ಕ್ಲಚ್, ಅಂದರೆ ಹಿಡಿದಾಗ ಎಂಜಿನ್ನನ್ನು ಚಕ್ರದಿಂದ ಬಿಡಿಸುವ ಎಡಗೈಯ ಲಿವರ್. ನನ್ನ ಪ್ರಕಾರ ಬೈಕ್ ಕಲಿಯುವುದು ಅಂದರೆ ಮುಕ್ಕಾಲು ಪಾಲು ಕ್ಲಚ್ ಕಲಿಯುವುದೇ. ಸಮತಟ್ಟು ಜಾಗ, ಒಂದನೇ ಗೇರು, ಎರಡೂ ಕಾಲು ನೆಲದಲ್ಲಿ. ಎಕ್ಸಲೇಟರ್ ಮುಟ್ಟಬೇಡಿ. ಕ್ಲಚ್ಚನ್ನು ತುಂಬಾ ನಿಧಾನಕ್ಕೆ ಬಿಡುತ್ತಾ ಬನ್ನಿ, ಎಮ್ಮೆಯ ಹಗ್ಗ ಸಡಿಲಿಸಿದ ಹಾಗೆ. ಒಂದು ಕಡೆ ಗಾಡಿ ಸಣ್ಣಗೆ ಮುಂದಕ್ಕೆ ಎಳೆಯುತ್ತದೆ, ಎಂಜಿನ್ ಸದ್ದು ಸ್ವಲ್ಪ ಕುಗ್ಗುತ್ತದೆ. ಅಲ್ಲೇ ನಿಲ್ಲಿಸಿ, ಪುನಃ ಹಿಡಿಯಿರಿ. ಇದನ್ನೇ ಹಾಫ್ ಕ್ಲಚ್ ಅನ್ನುವುದು. ಆ ಜಾಗ ಬೆರಳಿಗೆ ನೆನಪಾಗುವವರೆಗೆ ಐವತ್ತು ಸಲ, ಅರವತ್ತು ಸಲ ಮಾಡಿ. ಬೋರ್ ಅನ್ನಿಸುತ್ತದೆ, ಮಾಡಿ. ಇದನ್ನು ಹಾರಿಸಿ ನೇರ ರಸ್ತೆಗೆ ಹೋದವರೇ ಆಮೇಲೆ ಏರಿನಲ್ಲಿ ಎಂಜಿನ್ ಆಫ್ ಮಾಡಿಕೊಂಡು ಹಿಂದಕ್ಕೆ ಜಾರುವವರು.

ಗೇರು ಎಲ್ಲ ಬೈಕಿನಲ್ಲೂ ಒಂದೇ ಥರ ಇಲ್ಲ ಅನ್ನುವುದು ನೆನಪಿರಲಿ. ಸ್ಪ್ಲೆಂಡರಿನಂಥ ಗಾಡಿಯಲ್ಲಿ ನಾಲ್ಕು ಗೇರೂ ಮುಂದಕ್ಕೆ ಒತ್ತುವುದು, ಇಳಿಸಲು ಹಿಮ್ಮಡಿ. ಪಲ್ಸರ್, ಎಫ್‌ಝಡ್, ಬುಲೆಟ್ಟುಗಳಲ್ಲಿ ಒಂದನೆಯದು ಕೆಳಕ್ಕೆ, ಉಳಿದದ್ದು ಮೇಲಕ್ಕೆ. ಒಂದರಲ್ಲಿ ಕಲಿತು ಇನ್ನೊಂದಕ್ಕೆ ಹತ್ತಿದ ದಿನ ಕಾಲು ತಪ್ಪುತ್ತದೆ. ಟೆಸ್ಟಿಗೆ ಯಾವ ಗಾಡಿ ಕೊಡುತ್ತಾರೆ ಅಂತ ಮೊದಲೇ ಕೇಳಿ, ಕೊನೆಯ ವಾರ ಅದರಲ್ಲೇ ಅಭ್ಯಾಸ ಮಾಡಿ.

ಎಂಟಿನ ಗುಟ್ಟು ಕಣ್ಣಿನಲ್ಲಿದೆ. ಮುಂದಿನ ಚಕ್ರ ನೋಡಿದರೆ ಬೀಳುತ್ತೀರಿ. ತಿರುಗಿ ಎಲ್ಲಿಗೆ ಬರಬೇಕೋ ಅಲ್ಲಿಗೆ ಕುತ್ತಿಗೆ ತಿರುಗಿಸಿ ನೋಡಿ, ಕೈ ತಾನೇ ಹಿಂದಿನಿಂದ ಬರುತ್ತದೆ. ಒಂದನೇ ಗೇರು, ಹಾಫ್ ಕ್ಲಚ್, ಎಕ್ಸಲೇಟರ್ ಒಂದೇ ಸಮ, ಬಲಗಾಲು ಹಿಂದಿನ ಬ್ರೇಕಿನ ಮೇಲೆ ಹೂವಿನಷ್ಟು ಹಗುರಾಗಿ. ಇಲ್ಲಿ ಬಲಗೈಯ ಮುಂದಿನ ಬ್ರೇಕ್ ಮುಟ್ಟಲೇಬಾರದು. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನೇರ ನೆಲಕ್ಕೆ.

ಆದರೆ ಇದೇ ಮಾತನ್ನು ಹಿಡಿದುಕೊಂಡು ನಮ್ಮೂರಲ್ಲಿ ಒಂದು ದೊಡ್ಡ ತಪ್ಪು ಬೆಳೆದಿದೆ. "ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೆಯುತ್ತೀ." ನನಗೂ ನನ್ನ ಮಾವ ಹಾಗೇ ಕಲಿಸಿದ್ದು. ಇಪ್ಪತ್ತನೇ ವಯಸ್ಸಿನಲ್ಲಿ ಸೀತಾಂಗೋಳಿಯ ಕಡೆ ಇಳಿಯುವಾಗ ಒಂದು ದನ ಅಡ್ಡ ಬಂತು. ಹಿಂದಿನ ಬ್ರೇಕ್ ಒಂದನ್ನೇ ತುಳಿದೆ, ಚಕ್ರ ಬಂಧಿಯಾಗಿ ಗಾಡಿ ಅಡ್ಡಡ್ಡ ಜಾರಿತು, ನಾನು ಚರಂಡಿಯಲ್ಲಿ. ದನ ನಿಂತು ನೋಡಿತು. ಸೈಲೆನ್ಸರ್ ಸುಟ್ಟ ಗುರುತು ಈಗಲೂ ಮೀನಖಂಡದಲ್ಲಿದೆ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ಎಷ್ಟು ತಾನೇ ನಿಲ್ಲಿಸೀತು? ನೆಟ್ಟಗೆ ಹೋಗುವಾಗ ಒಣ ರಸ್ತೆಯಲ್ಲಿ ನಿಲ್ಲಿಸುವ ಬಲದ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಮುಂದಿನ ಬ್ರೇಕಿನದ್ದೇ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಮುಂದಿನದನ್ನು ಒಮ್ಮೆಲೇ ಕಚ್ಚಿ ಹಿಡಿಯದೆ ನಿಂಬೆಹಣ್ಣು ಹಿಂಡುವ ಹಾಗೆ ಬಿಗಿ ಮಾಡುತ್ತಾ ಹೋಗಬೇಕು. ಮೈದಾನದಲ್ಲಿ 20ರಲ್ಲಿ, ಆಮೇಲೆ 30ರಲ್ಲಿ, ಒಂದು ಗೆರೆ ಎಳೆದು ಅದರ ಹತ್ತಿರ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಟೆಸ್ಟಿನಲ್ಲಿ ಕೇಳುವುದೂ ಇಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ. 40ರಲ್ಲಿ ಹೋಗುವಾಗ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ನಾಯಿ ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡ್ ಮುಗಿಯುತ್ತದೆ. ಆಮೇಲೆ ಚೆನ್ನಾಗಿ ಬ್ರೇಕ್ ಹಿಡಿದರೂ ಇನ್ನು ಹತ್ತು ಮೀಟರ್ ಬೇಕು. ಒಟ್ಟು 21. 60ರಲ್ಲಿ ಇದೇ ಲೆಕ್ಕ 40 ಮೀಟರ್ ಆಗುತ್ತದೆ, ಮಳೆ ಬಿದ್ದ ರಸ್ತೆಯಲ್ಲಿ 50 ದಾಟುತ್ತದೆ. ಬಾಯಾರು ರಸ್ತೆಯ ಎಷ್ಟು ತಿರುವುಗಳಲ್ಲಿ ನಿಮಗೆ 50 ಮೀಟರ್ ಮುಂದೆ ಕಾಣುತ್ತದೆ, ನೀವೇ ಯೋಚಿಸಿ.

ಈಗ ನಿಮ್ಮ ಏರಿಗೆ ಬರೋಣ. ಏರಿನ ನಡುವೆ ನಿಂತರೆ ಎಡಗಾಲು ಮಾತ್ರ ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ ಗಟ್ಟಿಯಾಗಿ. ಎರಡೂ ಕಾಲು ಇಳಿಸಿ ಮುಂದಿನ ಬ್ರೇಕ್ ಹಿಡಿದರೆ ಎಕ್ಸಲೇಟರ್ ಕೊಡಲು ಕೈ ಖಾಲಿ ಇರುವುದಿಲ್ಲ. ಒಂದನೇ ಗೇರು, ಸ್ವಲ್ಪ ರೇಸ್, ಕ್ಲಚ್ಚನ್ನು ಆ ಎಳೆಯುವ ಜಾಗದವರೆಗೆ ಬಿಡಿ, ಗಾಡಿಯ ಹಿಂಭಾಗ ತುಸು ಕುಸಿದ ಹಾಗೆ ಅನ್ನಿಸಿದ ಮೇಲೆ ಮಾತ್ರ ಬ್ರೇಕ್ ಸಡಿಲಿಸಿ. ಮೊದಲು ಚಿಕ್ಕ ಏರಿನಲ್ಲಿ ಕಲಿಯಿರಿ. ಇಳಿಯುವಾಗ ಒಂದನೇ ಗೇರು, ಕ್ಲಚ್ ಮುಟ್ಟಬೇಡಿ. ಗಾಬರಿಯಲ್ಲಿ ಕ್ಲಚ್ ಹಿಡಿದರೆ ಗಾಡಿ ಬಿಟ್ಟ ಬಾಣ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಇಳಿಯುವ ಅಭ್ಯಾಸ ನಮ್ಮ ಕಡೆ ಇದೆ, ನಿಮ್ಮ ಅಪ್ಪನಿಗೂ ಇರಬಹುದು. ದಯವಿಟ್ಟು ಅದನ್ನು ಕಲಿಯಬೇಡಿ. ಉದ್ದದ ಇಳಿಜಾರಿನಲ್ಲಿ ಡ್ರಮ್ ಬ್ರೇಕ್ ಬಿಸಿಯಾಗಿ ಹಿಡಿತ ಕಮ್ಮಿ ಆಗುತ್ತದೆ, ಉಳಿಯುವ ಪೆಟ್ರೋಲ್ ಒಂದು ಚಾದಷ್ಟೂ ಇಲ್ಲ.

ಮಳೆಗಾಲದಲ್ಲಿ ನಿಮ್ಮ ಶತ್ರು ಮಣ್ಣಿನ ಅರ್ಧವಲ್ಲ, ಕಾಂಕ್ರೀಟಿನ ಅರ್ಧ. ತೋಟದ ನೆರಳಿನಲ್ಲಿ ಬಿಸಿಲೇ ಬೀಳದ ಕಾಂಕ್ರೀಟ್ ಜುಲೈ ಹೊತ್ತಿಗೆ ಹಾವಸೆ ಹಿಡಿದು ಹಸಿರಾಗುತ್ತದೆ, ಅದರ ಮೇಲೆ ಬ್ರೇಕೂ ಇಲ್ಲ, ಟೈರೂ ಇಲ್ಲ. ವಾರಕ್ಕೊಮ್ಮೆ ಚಕ್ರ ಹೋಗುವ ಎರಡು ಪಟ್ಟಿಯನ್ನಾದರೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಬಿದ್ದ ಅಡಿಕೆ ಸೋಗೆ, ಹಾಳೆಯ ಮೇಲೆ ಚಕ್ರ ಹತ್ತಿಸಬೇಡಿ, ಒದ್ದೆ ಹಾಳೆ ಅಂದರೆ ಸಾಬೂನು. ಅಷ್ಟಕ್ಕೂ ಧೈರ್ಯ ಬರದ ದಿನ ಗಾಡಿಯನ್ನು ಮೇಲೆ ರಸ್ತೆ ಬದಿಯ ಯಾರದಾದರೂ ಅಂಗಳದಲ್ಲಿ ಇಟ್ಟು ನಡೆದು ಇಳಿಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ನಾನೂ ಇಟ್ಟಿದ್ದೇನೆ. ಅಂಗಳದ ಹಸಿ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹೂತು ರಾತ್ರಿ ಗಾಡಿ ಬೀಳುತ್ತದೆ, ಅಡಿಗೆ ಒಂದು ಚಪ್ಪಟೆ ಕಲ್ಲೋ ಹಂಚಿನ ತುಂಡೋ ಇಡಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೂತಿ ಏರಿನ ಕಡೆಗೆ, ಒಂದನೇ ಗೇರಿನಲ್ಲಿ.

ಹಾಗಾದರೆ ಯಾವ ಗಾಡಿ? ಎರಡು ಸಂಖ್ಯೆ ನೋಡಿ, ತೂಕ ಮತ್ತು ಸೀಟಿನ ಎತ್ತರ. ಸಿಸಿ ಆಮೇಲೆ. ಬುಲೆಟ್ 350, ಕ್ಲಾಸಿಕ್ 350 ಎರಡೂ ಸುಮಾರು 195 ಕೆಜಿ, ಸೀಟು 805 ಮಿಲಿಮೀಟರ್. ಹಂಟರ್ 350 ಸುಮಾರು 181 ಕೆಜಿ. ಸ್ಪ್ಲೆಂಡರ್ ಪ್ಲಸ್ 112 ಕೆಜಿ, ಸೀಟು 785. ಹೋಂಡಾ ಶೈನ್ 100 ಇನ್ನೂ ಹಗುರ, 99 ಕೆಜಿ, ಸೀಟು 786. ಟಿವಿಎಸ್ ರೈಡರ್ 125 ಸುಮಾರು 123 ಕೆಜಿ, ಸೀಟು 780. ಬುಲೆಟ್ಟಿಗೂ ಸ್ಪ್ಲೆಂಡರಿಗೂ 80 ಕೆಜಿಗಿಂತ ಜಾಸ್ತಿ ವ್ಯತ್ಯಾಸ. ಅಂದರೆ ಒಬ್ಬ ದಪ್ಪ ಮನುಷ್ಯನನ್ನು ಹಿಂದೆ ಕೂರಿಸಿಕೊಂಡು ನೀವು ಕಲಿಯಲು ಹೊರಟ ಹಾಗೆ. ನೇರ ರಸ್ತೆಯಲ್ಲಿ ಆ ತೂಕ ಗೊತ್ತೇ ಆಗುವುದಿಲ್ಲ, ಅದಕ್ಕೇ ಅಣ್ಣನಿಗೆ ಬುಲೆಟ್ ಸುಲಭ ಅನ್ನಿಸುವುದು. ಏರಿನ ನಡುವೆ ಒಂದು ಕಾಲಲ್ಲಿ ನಿಂತಾಗ ಗೊತ್ತಾಗುತ್ತದೆ. ಹೆಂಗಸರಿಗೆ ಬುಲೆಟ್ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಿಮಗಿಂತ ಗಿಡ್ಡ ಇರುವವರು ಬುಲೆಟ್ಟನ್ನು ಆರಾಮಾಗಿ ಓಡಿಸುವುದನ್ನು ನೋಡಿದ್ದೇನೆ. ಅವರು ಮೊದಲ ಗಾಡಿಯಾಗಿ ಅದನ್ನು ತಗೊಂಡವರಲ್ಲ, ಅಷ್ಟೇ.

ಸೀಟಿನ ಎತ್ತರದ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಸೀಟು ಅಗಲ ಇದ್ದರೆ ಕಾಲು ಹೊರಗೆ ಹೋಗಿ ನೆಲಕ್ಕೆ ತಲುಪುವುದು ಕಮ್ಮಿ. ಷೋರೂಮಿಗೆ ಹೋಗಿ, ದಿನಾ ಹಾಕುವ ಚಪ್ಪಲಿಯಲ್ಲೋ ಶೂವಿನಲ್ಲೋ ಕೂತು ನೋಡಿ. ಎರಡೂ ಪಾದದ ಮುಂದಿನ ಅರ್ಧ ಊರಿದರೆ, ಅಥವಾ ಒಂದು ಪಾದ ಪೂರ್ತಿ ಊರಿದರೆ ಸಾಕು. ಬೆರಳ ತುದಿ ಮಾತ್ರ ತಾಗುವ ಗಾಡಿ ಬೇಡ. ಷೋರೂಮಿನ ನೆಲ ಟೈಲ್ಸ್ ಹಾಕಿ ಸಮತಟ್ಟು ಇರುತ್ತದೆ, ನಿಮ್ಮ ದಾರಿ ಹಾಗಿಲ್ಲ ಅಲ್ವಾ.

ನನ್ನನ್ನೇ ಕೇಳಿದರೆ 100ರಿಂದ 125 ಸಿಸಿ ಒಳಗೆ ಒಂದು. ಸ್ಪ್ಲೆಂಡರಿನ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. 18 ಇಂಚಿನ ಚಕ್ರ, ಯಾವ ಮೂಲೆಯಲ್ಲೂ ಸಿಗುವ ಸ್ಪೇರ್, ಬಿದ್ದರೆ ಖರ್ಚು ಕಮ್ಮಿ, ಮಾರಿದರೆ ಬೆಲೆ ಬರುತ್ತದೆ. ಅಣ್ಣ ನಗಬಹುದು, ನಗಲಿ. ಹಿಂದೆ ಅಮ್ಮನನ್ನು ಕೂರಿಸಿಕೊಂಡು ಆ ಏರು ದಿನಾ ಹತ್ತಬೇಕಾದರೆ 125 ತಗೊಳ್ಳಿ, 100 ಸಿಸಿ ಇಬ್ಬರನ್ನು ಹೊತ್ತು ಕಡಿದಾದ ಕಡೆ ಉಸಿರುಕಟ್ಟುತ್ತದೆ. ಬ್ರೇಕಿನ ಮಟ್ಟಿಗೆ ಹೇಳುವುದಾದರೆ, 2019ರಿಂದ 125 ಸಿಸಿ ದಾಟಿದ ಬೈಕುಗಳಿಗೆ ಎಬಿಎಸ್ ಕಡ್ಡಾಯ, ಅದಕ್ಕಿಂತ ಚಿಕ್ಕದಕ್ಕೆ ಸಿಬಿಎಸ್ ಆದರೂ ಇರಬೇಕು. ಸಿಬಿಎಸ್ ಅಂದರೆ ಹಿಂದಿನ ಬ್ರೇಕ್ ತುಳಿದಾಗ ಮುಂದಿನದೂ ಸ್ವಲ್ಪ ಹಿಡಿಯುವ ಏರ್ಪಾಡು, ಚಕ್ರ ಬಂಧಿಯಾಗಿ ಜಾರುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ತಡೆಯುತ್ತದೆ. ಹಣ ಇದ್ದು ಕಾಲು ತಲುಪಿದರೆ ಯಮಹಾ ಎಫ್‌ಝಡ್‌ನಂಥ 150 ಸಿಸಿ ನೋಡಬಹುದು, 135 ಕೆಜಿಯ ಆಸುಪಾಸು, ಮುಂದಿನ ಚಕ್ರಕ್ಕೆ ಎಬಿಎಸ್ ಇದೆ. ಆದರೆ ಮೊದಲ ವರ್ಷಕ್ಕೆ ಇದು ಸ್ವಲ್ಪ ಜಾಸ್ತಿಯೇ.

ಹಣದ ವಿಷಯದಲ್ಲಿ ನಾನು ಹೇಳುವುದು ಸೆಕೆಂಡ್ ಹ್ಯಾಂಡ್. ಹೇಗೂ ಒಂದೆರಡು ಸಲ ಬೀಳಿಸುತ್ತೀರಿ, ಹೊಸ ಗಾಡಿ ಬೀಳಿಸಿದರೆ ಎದೆಗೆ ಗೀರು ಬೀಳುತ್ತದೆ. ಹೊಸದೇ ಬೇಕಿದ್ದರೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಅಣ್ಣ ಬುಲೆಟ್ ಬುಲೆಟ್ ಅನ್ನಲು ಅದೂ ಒಂದು ಕಾರಣ ಇರಬೇಕು. ಹಳೆಯದನ್ನು ನೋಡಲು ಹೋಗುವಾಗ ಬೆಳಗ್ಗೆ ಹೋಗಿ, ಬರುತ್ತೇನೆ ಅಂತ ಮೊದಲೇ ಹೇಳಿದರೂ ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅನ್ನಿ. ಎಂಜಿನ್ ಮುಟ್ಟಿ ನೋಡಿ, ಬಿಸಿ ಇದ್ದರೆ ತಣ್ಣಗೆ ಸ್ಟಾರ್ಟ್ ಆಗುವುದಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ನಡು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹ್ಯಾಂಡಲನ್ನು ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಿ, ನಡುವೆ ಎಲ್ಲಾದರೂ ಸಿಕ್ಕಿದ ಹಾಗೆ ಆದರೆ ಬೇರಿಂಗ್ ಹೋಗಿದೆ. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದ ಟೈರು. ನೋಡಲು ಹೊಸದಾದರೂ ರಬ್ಬರ್ ಹಳತಾಗಿ ಗಟ್ಟಿಯಾಗಿರುತ್ತದೆ. ಮತ್ತೆ ನಮ್ಮ ಕಡೆಯ ವಿಶೇಷ ತುಕ್ಕು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಓಡಿದ ಗಾಡಿ ಮೇಲಿಂದ ಪಾಲಿಶ್ ಮಾಡಿ ಮಿನುಗುತ್ತದೆ, ಸೈಲೆನ್ಸರಿನ ಅಡಿ, ಟ್ಯಾಂಕಿನ ಅಡಿ, ಸ್ಟ್ಯಾಂಡಿನ ಬುಡ ಬಗ್ಗಿ ನೋಡಿ.

ಮಂಗಳೂರು ನಿಮಗೆ ಹತ್ತಿರ, ಅಲ್ಲಿ ಹಳೆ ಗಾಡಿ ಜಾಸ್ತಿ ಸಿಗುತ್ತದೆ. ಕೆಎ 19 ನಂಬರಿನದ್ದು ಅಗ್ಗ ಅಂತ ತಂದವರು ಸುಮಾರು ಮಂದಿ ಇದ್ದಾರೆ. ನೀವು ಕಾಸರಗೋಡಿನಲ್ಲಿ ಇರುವವರು, ಕಾಯಂ ಇಲ್ಲೇ ಓಡಿಸುವ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಹೊರ ರಾಜ್ಯದ ನಂಬರಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅಲ್ಲಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಕೆಎಲ್ 14 ನಂಬರ್ ಹಾಕಿಸಬೇಕು. ಆ ಖರ್ಚು, ಓಡಾಟ ಎಲ್ಲ ಸೇರಿಸಿ ಅಗ್ಗವಾ ಅಂತ ಲೆಕ್ಕ ಹಾಕಿ. ಸಾಲ ಇದ್ದ ಗಾಡಿಯಾದರೆ ಸಾಲ ತೀರಿದ ಕಾಗದ ಇಲ್ಲದೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ. ಆರ್‌ಸಿಯ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ನೀವೇ ತಾಳೆ ನೋಡಿ.

ಹೆಲ್ಮೆಟ್ ಗಾಡಿಗಿಂತ ಮೊದಲು ಬೇಕು, ಕಲಿಯುವ ಮೊದಲ ದಿನಕ್ಕೇ. ಐಎಸ್‌ಐ ಗುರುತು ಇರಲಿ, ಪೂರ್ತಿ ಮುಖ ಮುಚ್ಚುವುದೇ ಆಗಲಿ. ಹಾಕಿ ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಅದರ ಜೊತೆ ಅಲ್ಲಾಡಬೇಕು, ಅಷ್ಟು ಬಿಗಿ ಇರಲಿ. ಕಪ್ಪು ಗಾಜಿನದ್ದು ಬೇಡ, ಸಂಜೆ ಮಳೆಯಲ್ಲಿ ಕಾಣುವುದೇ ಇಲ್ಲ. ದುಪ್ಪಟ್ಟಾ ಹಾಕಿದ್ದರೆ ಎರಡೂ ತುದಿ ಒಳಗೆ ಸೇರಿಸಿ ಪಿನ್ ಮಾಡಿ. ರೈನ್‌ಕೋಟ್ ಪ್ಯಾಂಟು ಶರ್ಟು ಬೇರೆ ಬೇರೆ ಇರುವುದು ತಗೊಳ್ಳಿ. ಹಿಂದೆ ಕೂತವರು ಕೊಡೆ ಬಿಡಿಸಿದರೆ ಗಾಡಿ ನಿಲ್ಲಿಸಿ ಇಳಿಸಿಬಿಡಿ, ಅಮ್ಮನಾದರೂ ಸರಿ. ಗಾಳಿ ಬಂದರೆ ಅದು ಹಾಯಿ ಕಟ್ಟಿದ ದೋಣಿ.

ರಸ್ತೆಗೆ ಇಳಿಯುವ ಕ್ರಮ ಹೀಗಿರಲಿ. ಮೊದಲು ಒಳರಸ್ತೆ, ಭಾನುವಾರ ಬೆಳಗ್ಗೆ ಆರು ಗಂಟೆಗೆ. ಆಮೇಲೆ ಪೈವಳಿಕೆಯಿಂದ ಉಪ್ಪಳ ಕೈಕಂಬದವರೆಗೆ, ಬಸ್ಸುಗಳ ಗಲಾಟೆ ಇಲ್ಲದ ಹೊತ್ತಿಗೆ. ಹೆದ್ದಾರಿ 66ಕ್ಕೆ ಅವಸರ ಬೇಡ. ನಿಮ್ಮ ಕೆಲಸಕ್ಕೆ ಸರ್ವೀಸ್ ರೋಡೇ ಸಾಕಾಗಬಹುದು, ಆದರೆ ಅಲ್ಲಿ ಎದುರಿನಿಂದಲೂ ಗಾಡಿ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಅಂಚಿನಲ್ಲಿ ಮರಳು, ಜಲ್ಲಿಯ ಚೂರು ಇರುತ್ತದೆ. ಅದರ ಮೇಲೆ ಇದ್ದಾಗ ತಿರುಗಿಸಬೇಡಿ, ಬ್ರೇಕೂ ಬೇಡ, ನೆಟ್ಟಗೆ ದಾಟಿ. ಬಸ್ಸಿನ ಎಡಗಡೆಯಿಂದ ನುಗ್ಗಬೇಡಿ, ನಿಲ್ದಾಣ ಇಲ್ಲದಲ್ಲೂ ಅದು ಎಡಕ್ಕೆ ಎಳೆದು ನಿಲ್ಲಿಸುತ್ತದೆ. ಕೈ ತೋರಿಸಿದರೆ ನಿಲ್ಲುವ ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿದವರು ನೀವು, ನಿಮಗೆ ಹೇಳಬೇಕಾ? ರಾತ್ರಿ ಒಳರಸ್ತೆಯಲ್ಲಿ ಕಾಡುಹಂದಿ ಅಡ್ಡ ಬರುತ್ತದೆ, ಒಂದು ದಾಟಿದರೆ ಹಿಂದೆ ಇನ್ನೂ ಇವೆ ಅಂತ ತಿಳಿದು ನಿಂತೇ ಬಿಡಿ.

ಶುರು ಮಾಡಲು ನವೆಂಬರ್ ಒಳ್ಳೆಯದು. ಮಳೆ ಬಿಟ್ಟಿರುತ್ತದೆ, ಮೈದಾನ ಗಟ್ಟಿ ಇರುತ್ತದೆ, ಮುಂದಿನ ಮಳೆಗಾಲಕ್ಕೆ ಆರು ತಿಂಗಳ ಅಭ್ಯಾಸ ಕೈಯಲ್ಲಿರುತ್ತದೆ. ಮನೆಯ ಅಂಗಳದಲ್ಲೇ ಕಲಿಯುತ್ತೇನೆ ಅಂತ ಹೊರಡಬೇಡಿ, ಆ ಹೊತ್ತಿಗೆ ಅಲ್ಲಿ ಅಡಿಕೆ ಹರವಿರುತ್ತಾರೆ, ಅದರ ಮೇಲೆ ಚಕ್ರ ಹತ್ತಿಸಿದರೆ ಅಪ್ಪ ಸ್ಕೂಟರನ್ನೂ ಕೊಡಿಸಲಿಕ್ಕಿಲ್ಲ. ಲೈಸೆನ್ಸ್ ಬಂದು ನಿಮ್ಮ ಏರನ್ನು ನಾಲ್ಕೈದು ಸಲ ನಿಲ್ಲದೆ ಹತ್ತಿದ ಮೇಲೆ ಒಂದು ಬೆಳಗ್ಗೆ ಪೊಸಡಿಗುಂಪೆ ಗುಡ್ಡದ ಕಡೆ ಹೋಗಿ ಬನ್ನಿ. ಆವತ್ತು ಅಣ್ಣನನ್ನು ಹಿಂದೆ ಕೂರಿಸಿಕೊಳ್ಳಿ.